‘ನಂದಾಗೇತ್ರಿ’ ಅನ್ನುತ್ತಿದ್ದ ಪ್ರಾಜಕ್ತಾ

ಪ್ರಾಜಕ್ತಾ ಓಡಿದ್ದನ್ನು ಮರಾಠಿ ಗಡಿಯ ಜತ್ತದಲ್ಲಿ ಕಂಡವರಿಲ್ಲ. ಶಾಲೆಯ ಗಂಟೆ ಬಾರಿಸಿ ಮುಗಿಯುತ್ತಿರಲಿ, ಹತ್ತಬೇಕಾದ ಬಸ್ಸು ಸ್ಟ್ಯಾಂಡ್ ಬಿಟ್ಟು ಹೊರಳುತ್ತಿರಲಿ, ಅಪರೂಪಕ್ಕೊಮ್ಮೆ ಸುರಿಯುವ ಮಳೆ ಬಜಾರದ ಮಂದಿಯನ್ನೆಲ್ಲ ಅಂಗಡಿಗಳ ತಗಡಿನ ಕೆಳಗೆ ಅಟ್ಟುತ್ತಿರಲಿ, ಆಕೆಯ ನಡಿಗೆ ತನ್ನ ಲಯವನ್ನು ಬಿಟ್ಟುಕೊಡುತ್ತಿರಲಿಲ್ಲ. ಬೆನ್ನು ನೆಟ್ಟಗೆ, ಕೈಗಳೆರಡೂ ಮೈಗೆ ಅಂಟಿಕೊಂಡು, ಪಾದಗಳನ್ನು ಎತ್ತುವುದಕ್ಕಿಂತ ಹೆಚ್ಚಾಗಿ ಸರಿಸುತ್ತ, ತುಂಬಿದ ಕೊಡವೊಂದನ್ನು ತಲೆಯ ಮೇಲೆ ಹೊತ್ತವರ ಹಾಗೆ ಆಕೆ ರಸ್ತೆಯ ಅಂಚಿನಲ್ಲಿ ಸಾಗಿ ಬರುತ್ತಿದ್ದಳು. ದೂರದಿಂದ ನೋಡಿದವರಿಗೆ ಅದು ಗಾಂಭೀರ್ಯವೆಂದು ತೋರುತ್ತಿತ್ತು; ಹದಿನಾರು ತುಂಬದ ಹುಡುಗಿಗೆ ಇಷ್ಟು ಗಾಂಭೀರ್ಯ ಎಲ್ಲಿಂದ ಬಂತೆಂದು ಮೆಚ್ಚಿದವರೂ ಉಂಟು. ಆಕೆಯ ಲೆಕ್ಕಾಚಾರವೇ ಬೇರೆ. ಓಡಿದರೆ ಮೈ ಅಲುಗುತ್ತದೆ, ಮೈ ಅಲುಗಿದರೆ ಜನ ತಿರುಗಿ ನೋಡುತ್ತಾರೆ, ಜನ ತಿರುಗಿ ನೋಡುವುದಕ್ಕಿಂತ ಬಸ್ಸು ತಪ್ಪುವುದು ಎಷ್ಟೋ ಮೇಲು.

ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೊರಳುವ ರಸ್ತೆಯಲ್ಲಿ ಆಕೆಯ ತಂದೆ ಶಂಕರಲಿಂಗನ ಬೇಕರಿ. ಮುಂದೆ ಅಂಗಡಿ, ಹಿಂದೆ ಭಟ್ಟಿ, ಮೇಲೆ ಮನೆ. ಒಬ್ಬಳೇ ಮಗಳಾದ ಪ್ರಾಜಕ್ತಾ ಕಣ್ಣು ಬಿಟ್ಟದ್ದೇ ಪದರುಪದರಾದ ಖಾರಿ ಬಿಸ್ಕೀಟಿನ ಬೆಣ್ಣೆಯ ಘಮದಲ್ಲಿ. ಮುರಿದ ಖಾರಿ, ತುದಿ ಕರಕಾದ ಟೋಸ್ಟು, ಕೆನೆ ಹೊರಗೆ ಇಣುಕಿದ ಕ್ರೀಮ್ ರೋಲು, ಹೀಗೆ ಗಿರಾಕಿಗೆ ಕೊಡಲು ಬಾರದ್ದೆಲ್ಲ ಒಂದು ಸ್ಟೀಲಿನ ಡಬ್ಬಿಗೆ ಬೀಳುತ್ತಿತ್ತು. ಆ ಡಬ್ಬಿ ಪ್ರಾಜಕ್ತಾಳದು. ಶಂಕರಲಿಂಗ ಹೆಚ್ಚು ಮಾತು ಬಾರದ ಮನುಷ್ಯ. ಮಗಳ ಮೇಲೆ ಅಕ್ಕರೆ ಉಕ್ಕಿದಾಗ ಏನು ಹೇಳಬೇಕೆಂದು ತಿಳಿಯದೆ, ಟ್ರೇಯಿಂದ ಒಳ್ಳೆಯ ರೋಲೊಂದನ್ನು ಎತ್ತಿ, ತನ್ನ ಕೈಯಿಂದಲೇ ಮೆಲ್ಲಗೆ ಮುರಿದು, “ಇದೂ ಮುರದೈತಿ ನೋಡ” ಎಂದು ಡಬ್ಬಿಗೆ ಹಾಕುತ್ತಿದ್ದ. ಆ ಸುಳ್ಳು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಹಳ ಪ್ರೀತಿಯಿಂದ ಕಾಪಾಡಿಕೊಂಡು ಬಂದಿದ್ದರು.

ಮಹಾಮಾರಿಯ ಕಾಲದಲ್ಲಿ ಶಾಲೆ ಮೊಬೈಲಿನೊಳಗೆ ಬಂದು ಕೂತಾಗ ಪ್ರಾಜಕ್ತಾ ಇನ್ನೂ ಐದನೆಯ ತರಗತಿ, ಜತ್ತದವರ ಮಾತಲ್ಲಿ ಐದನೆಯ ಇಯತ್ತೆಯಲ್ಲಿದ್ದಳು. ಭಟ್ಟಿಯ ಪಕ್ಕದ ಕೋಣೆಯಲ್ಲಿ ಮೈದಾ ಚೀಲಗಳ ಮೇಲೆ ಚಾಪೆ ಹಾಸಿ, ಗೋಡೆಗೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈ ಡಬ್ಬಿಯಲ್ಲಿ. ಪಾಠ ಮುಗಿದ ಮೇಲೂ ಮೊಬೈಲು ಮುಗಿಯುತ್ತಿರಲಿಲ್ಲ. ಶಾಲೆ ಮತ್ತೆ ಬಾಗಿಲು ತೆರೆದಾಗ ಹಳೆಯ ಸಮವಸ್ತ್ರದ ಒಂದು ಗುಂಡಿಯೂ ಹಾಕಲು ಬರಲಿಲ್ಲ. ಹೊಸದನ್ನು ಹೊಲಿಸಿದರು, ಮಕ್ಕಳು ಬೆಳೆಯುತ್ತಾರೆ, ಬಟ್ಟೆ ಗಿಡ್ಡಾಗುತ್ತದೆ, ಅದರಲ್ಲಿ ಯೋಚಿಸುವುದೇನು? ಆಮೇಲೆ ಹತ್ತನೆಯ ಇಯತ್ತೆಯ ಗದ್ದಲ ಬಂತು. ಬೆಳಿಗ್ಗೆ ಟ್ಯೂಷನ್, ಹಗಲು ಶಾಲೆ, ಸಂಜೆ ಮತ್ತೆ ಟ್ಯೂಷನ್. ಆಟದ ತಾಸನ್ನು ಗಣಿತದ ಗುರುಗಳು ಎರವಲು ಪಡೆದು ತಿರುಗಿ ಕೊಡಲೇ ಇಲ್ಲ. ಕೂತಲ್ಲಿಂದ ಎದ್ದು ಇನ್ನೊಂದು ಕಡೆ ಕೂಡುವುದಷ್ಟೇ ಆ ವರ್ಷದ ಚಲನೆಯಾಯಿತು. ನಡುನಡುವೆ ನಿದ್ದೆ ಬಾರದಿರಲೆಂದು ಬಣ್ಣದ ಸಿಹಿನೀರಿನ ಬಾಟಲಿ, ಹಸಿವಾಗದಿರಲೆಂದು ಕುರುಕಲಿನ ಪೊಟ್ಟಣ. ಮಗಳು ಓದುತ್ತಾಳೆಂಬ ಹೆಮ್ಮೆಯಲ್ಲಿ ಮನೆಯವರು ಬೇರೇನನ್ನೂ ನೋಡಲಿಲ್ಲ.

ಒಂದನ್ನು ಮಾತ್ರ ತಾಯಿ ದೀಪಾಲಿ ನೋಡಿದ್ದಳು. ಮಗಳ ಕುತ್ತಿಗೆಯ ಹಿಂಭಾಗದಲ್ಲಿ, ಕೂದಲು ಮುಗಿಯುವಲ್ಲಿ, ಮೆತ್ತನೆಯ ಕರಿ ಪಟ್ಟೆಯೊಂದು ಮೂಡಿ, ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿತ್ತು. ದೀಪಾಲಿಗೆ ಸ್ವಚ್ಛತೆಯೆಂದರೆ ವ್ರತ. ಆಕೆಯ ಅಡುಗೆಮನೆಯ ತಾಮ್ರದ ಕೊಡದಲ್ಲಿ ಮುಖ ಕಾಣುತ್ತಿತ್ತು; ಅಂಥವಳ ಮಗಳ ಕುತ್ತಿಗೆಯಲ್ಲಿ ಕೊಳೆ ಎಂದರೇನು? ಪ್ರತಿ ಭಾನುವಾರ ಎರೆಯುವಾಗ ಕಡಲೆಹಿಟ್ಟು, ನಿಂಬೆಹಣ್ಣು, ಅರಿಸಿನ, ಯಾವುದೂ ಸಾಲದೆ ಕೊನೆಗೆ ಒರಟು ಕಲ್ಲು. “ಎಷ್ಟ ತಿಕ್ಕಿದ್ರೂ ಹೋಗವಲ್ದು, ನೀ ದಿನಾ ಸರೀ ಜಳಕಾ ಮಾಡೂದಿಲ್ಲೇನ?” ಎಂದು ತಿಕ್ಕುತ್ತಿದ್ದಳು. ಚರ್ಮ ಕೆಂಪಾಗಿ ಉರಿಯುತ್ತಿತ್ತು, ಕರಿ ಹಾಗೆಯೇ ಉಳಿಯುತ್ತಿತ್ತು. ಪ್ರಾಜಕ್ತಾ ಹಲ್ಲು ಕಚ್ಚಿ ಸುಮ್ಮನೆ ಕೂಡುತ್ತಿದ್ದಳು. ತಾನು ಹೊಲಸು ಹುಡುಗಿ ಎಂಬ ಮಾತನ್ನು ಆಕೆ ಎಲ್ಲರಿಗಿಂತ ಮೊದಲು ನಂಬಿದಳು.

ಆ ನಂಬಿಕೆಯಿಂದಲೇ ಜಾಕೀಟೊಂದು ಹುಟ್ಟಿತು. ಕಡುನೀಲಿ ಬಣ್ಣದ, ಕತ್ತಿನವರೆಗೆ ಜಿಪ್ ಏರುವ, ಗಂಡಸರ ಅಳತೆಯ ದಪ್ಪ ಜಾಕೀಟು. ಚಳಿಗಾಲದಲ್ಲಿ ಎಲ್ಲರ ಹಾಗೆ ತೊಟ್ಟವಳು ಬೇಸಿಗೆಯಲ್ಲಿ ತೆಗೆಯಲಿಲ್ಲ. ಚೈತ್ರದ ಬಿಸಿಲಲ್ಲಿ ಜತ್ತದ ಡಾಂಬರು ಚಪ್ಪಲಿಗೆ ಅಂಟುವಾಗಲೂ ಜಿಪ್ಪು ಗದ್ದದ ಕೆಳಗೇ ಇರುತ್ತಿತ್ತು, ಹಣೆಯ ಬೆವರು ಕಿವಿಯ ಹಿಂದೆ ಹರಿಯುತ್ತಿತ್ತು. ಯಾರಾದರೂ ಕೇಳಿದರೆ “ನಂಗ ಥಂಡಿ ಭಾಳರಿ” ಎಂದು ನಗುತ್ತಿದ್ದಳು. ಆ ನಗು ಎಷ್ಟು ಸಹಜವಾಗಿತ್ತೆಂದರೆ ಕೇಳಿದವರಿಗೇ ತಾವು ಕೇಳಿದ್ದು ತಪ್ಪೆನಿಸುತ್ತಿತ್ತು.

ಇನ್ನೊಂದು ಮಾತು ಆಕೆಯ ನಾಲಗೆಯ ಮೇಲೆ ಸದಾ ಸಿದ್ಧವಿತ್ತು: “ನಂದಾಗೇತ್ರಿ.” ಮದುವೆಮನೆಯ ಪಂಕ್ತಿಯಲ್ಲಿ, ಗೆಳತಿಯ ಹುಟ್ಟುಹಬ್ಬದಲ್ಲಿ, ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಯಾರೇ ಊಟಕ್ಕೆ ಕರೆದರೂ ಅದೇ ಉತ್ತರ. ಹತ್ತು ಜನರ ನಡುವೆ ಆಕೆ ಒಂದು ತುತ್ತನ್ನೂ ಬಾಯಿಗೆ ಇಡುತ್ತಿರಲಿಲ್ಲ. ಅನ್ನವನ್ನು ಮೊದಲು ನೋಡಿ, ಆಮೇಲೆ ತನ್ನ ಮೈಯನ್ನು ನೋಡಿ, ಎರಡನ್ನೂ ಕೂಡಿಸಿ ಉತ್ತರ ತೆಗೆಯುವ ಜನರ ಕಣ್ಣುಗಳನ್ನು ಆಕೆ ಬಲ್ಲಳು. ಮನೆಗೆ ಬಂದು, ಮೈದಾ ಚೀಲಗಳ ಕೋಣೆಯಲ್ಲಿ ಬಾಗಿಲು ಮರೆಮಾಡಿ, ಒಬ್ಬಳೇ, ಬೇಗ ಬೇಗ, ರುಚಿಯೂ ತಿಳಿಯದ ಹಾಗೆ ತಿನ್ನುತ್ತಿದ್ದಳು. ಹೊಟ್ಟೆ ತುಂಬಿದ್ದು ಗೊತ್ತಾಗುವ ಹೊತ್ತಿಗೆ ಡಬ್ಬಿ ಬರಿದಾಗಿರುತ್ತಿತ್ತು.

ಇಷ್ಟನ್ನೇ ಹೇಳಿದರೆ ಪ್ರಾಜಕ್ತಾ ಸದಾ ಮೋರೆ ಸಣ್ಣದು ಮಾಡಿಕೊಂಡು ಮೂಲೆ ಹಿಡಿದ ಹುಡುಗಿ ಎಂದು ತೋರೀತು. ಹಾಗೇನಿಲ್ಲ. ಆಕೆಯಷ್ಟು ನಗಿಸುವವರು ಆ ಓಣಿಯಲ್ಲಿ ಇರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ದನಿಯನ್ನು ಕೇಳಿ ಕೇಳಿ ಊರಿನ ಗಂಟಲುಗಳನ್ನೆಲ್ಲ ಕರಗತ ಮಾಡಿಕೊಂಡಿದ್ದಳು. ಬ್ರೆಡ್ಡನ್ನು ಒತ್ತಿ ಒತ್ತಿ ನೋಡಿ ಕೊಳ್ಳದೆ ಹೋಗುವ ಮುದುಕಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಚೌಕಾಶಿ ಮಾಡುವ ಮಾಸ್ತರ, “ಪುಢೆ ಸರಕಾ, ಪುಢೆ ಸರಕಾ” ಎಂದು ಮಂದಿಯನ್ನು ಮುಂದೆ ತಳ್ಳುವ ಬಸ್ಸಿನ ಹೆಣ್ಣುಮಗಳು ಕಂಡಕ್ಟರ್ ಬಾಯಿ, ಎಲ್ಲರೂ ಆಕೆಯ ಕೊರಳಲ್ಲಿ ಬಾಡಿಗೆಗಿದ್ದರು. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಬಸ್ಸಿನ ಮೇಲೊಂದು ಪ್ರಹಸನ ಇಟ್ಟುಕೊಂಡಿದ್ದರು. ಕಂಡಕ್ಟರ್ ಬಾಯಿಯ ಪಾತ್ರಕ್ಕೆ ಪ್ರಾಜಕ್ತಾಳ ದನಿಯೇ ಬೇಕೆಂದು ಶಿಕ್ಷಕಿಯರೆಲ್ಲ ಒಪ್ಪಿದರು. ಆದರೆ ರಂಗದ ಮೇಲೆ ನಿಂತು ತುಟಿ ಅಲುಗಿಸಿದವಳು ಬಳುಕುವ ಮೈಯ ಇನ್ನೊಬ್ಬ ಹುಡುಗಿ. ಪ್ರಾಜಕ್ತಾ ಪರದೆಯ ಹಿಂದೆ ಮೈಕು ಹಿಡಿದು ನಿಂತಳು. ಸಭೆ ಕಣ್ಣಲ್ಲಿ ನೀರು ಬರುವಂತೆ ನಕ್ಕಿತು. ಬಹುಮಾನ ಮುಂದಿದ್ದವಳಿಗೆ ಸಿಕ್ಕಿತು. ಪ್ರಾಜಕ್ತಾಳಿಗೆ ಇದರಿಂದ ಕಿಂಚಿತ್ತೂ ನೋವಾಗಲಿಲ್ಲ. ಪರದೆಯ ಹಿಂದೆ ನಿಂತು ನಗಿಸುವುದರಲ್ಲಿ ಆಕೆ ಸುಖವನ್ನೇ ಕಂಡಳು. ಆ ಸಂಗತಿಯಲ್ಲಿ ಕೇಳಿದವರನ್ನು ನೋಯಿಸುವುದು ಆ ಸುಖವೇ.

ಹತ್ತನೆಯ ಪರೀಕ್ಷೆ ಮುಗಿದ ಬೆನ್ನಿಗೇ ಸೋದರಮಾವನ ಮಗ ಅನಿಲನ ನಿಶ್ಚಿತಾರ್ಥ ಬಂತು. ಎಲ್ಲ ಮುಗಿದು ಮನೆಮಂದಿಯ ಫೋಟೋಕ್ಕೆ ನಿಂತಾಗ, ಫೋಟೋ ತೆಗೆಯುವವನು ಕ್ಯಾಮರಾದಿಂದ ಕಣ್ಣೆತ್ತಿ ಪ್ರಾಜಕ್ತಾಳ ಕಡೆ ಕೈ ಮಾಡಿ, ಬಹಳ ಮರ್ಯಾದೆಯಿಂದಲೇ, “ಕಾಕೂ, ನೀವು ತಟಕ ಹಿಂದ ನಿಂದರ್ರಿ, ಹುಡುಗೂರು ಮುಂದ ಬರಲಿ” ಎಂದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಅವನು ಆಕೆಯನ್ನು ಮಕ್ಕಳಾದ ಚಿಕ್ಕಮ್ಮ ಎಂದೇ ತಿಳಿದಿದ್ದ. ಮಂದಿ ಘೊಳ್ಳೆಂದು ನಕ್ಕರು. ಪ್ರಾಜಕ್ತಾಳೂ ನಕ್ಕಳು, ಕಾಕೂಗಳ ದನಿಯಲ್ಲಿಯೇ “ಆತ ಬಿಡಪಾ, ನಮ್ದೇನ ವಯಸ್ಸಾತು” ಎಂದು ಹಿಂದೆ ಸರಿದಳು. ಮಂದಿ ಇನ್ನಷ್ಟು ನಕ್ಕರು.

ಮರುದಿನದಿಂದ “ನಂದಾಗೇತ್ರಿ” ಎಂಬ ಮಾತು ಮನೆಯೊಳಕ್ಕೂ ಬಂತು. ತಾಯಿ ತಾಟು ಹಚ್ಚಿದರೆ ಗೆಳತಿಯ ಮನೆಯಲ್ಲಿ ಆಯಿತೆಂದಳು. ತಂದೆ ಡಬ್ಬಿ ಸರಿಸಿದರೆ ಈಗಷ್ಟೇ ತಿಂದೆನೆಂದಳು. ನೀರು ಕುಡಿದಳು, ಕರಿ ಚಹಾ ಕುಡಿದಳು, ಜಾಕೀಟಿನ ಜಿಪ್ಪೇರಿಸಿ ಮಲಗಿದಳು. ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ, ಮೇಲಿನ ಮನೆಯಿಂದ ಅಂಗಡಿಗೆ ಇಳಿಯುವ ಮೆಟ್ಟಿಲಲ್ಲಿ ಕಣ್ಣು ಕತ್ತಲಿಟ್ಟು ಬಿದ್ದಳು. ಹಣೆ ಗೋಡೆಗೆ ಬಡಿದ ಸಪ್ಪಳಕ್ಕೆ ಶಂಕರಲಿಂಗ ಹಿಟ್ಟಿನ ಕೈಯಲ್ಲೇ ಓಡಿ ಬಂದ. ಮಗಳ ಹೆಸರು ಹಿಡಿದು ಕೂಗಿದ, ಕಣ್ಣು ತೆರೆಯಲಿಲ್ಲ. ಆಕೆಯನ್ನು ಎರಡು ತೋಳಲ್ಲಿ ಎತ್ತಿಕೊಂಡು ರಸ್ತೆಗೆ ಇಳಿದಾಗ ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: “ರಿಕ್ಷಾ, ಯಾರರೆ ರಿಕ್ಷಾ ತರ್ರೀ.” ಮಗಳ ಕಡುನೀಲಿ ಜಾಕೀಟಿನ ಮೇಲೆ ಅವನ ಹತ್ತು ಬೆರಳೂ ಮೈದಾಹಿಟ್ಟಿನಲ್ಲಿ ಮೂಡಿದ್ದವು.

ದವಾಖಾನೆಯಲ್ಲಿ ಮಂಗಲ ಡಾಕ್ಟರ್ ಇದ್ದರು. ಹಣೆಯ ಗಾಯ ಸಣ್ಣದು, ಹೆದರುವಂಥದ್ದಲ್ಲ ಎಂದು ಮೊದಲು ಹೇಳಿ ತಂದೆತಾಯಿಗೆ ಉಸಿರು ಬಿಡಲು ಬಿಟ್ಟರು. ಸಲಾಯಿನ್ ಹಚ್ಚಿದರು. ಪ್ರಾಜಕ್ತಾ ಕಣ್ಣು ತೆರೆದಳು. ಆಮೇಲೆ ಅವರು ಜಾಕೀಟಿನ ಜಿಪ್ಪು ಇಳಿಸಿ, ಆಕೆಯ ತಲೆಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಕುತ್ತಿಗೆಯ ಹಿಂದೆ ನೋಡಿದರು. ದೀಪಾಲಿಯ ಮುಖ ಬಾಡಿಹೋಯಿತು. ಡಾಕ್ಟರು ಕೇಳುವ ಮೊದಲೇ ತಪ್ಪೊಪ್ಪಿಕೊಳ್ಳುವವಳ ಹಾಗೆ, “ವಾರಾ ವಾರಾ ತಿಕ್ಕತೀನ್ರಿ ಡಾಕ್ಟರ್. ಹೊಲಸ ಹೋಗೂದ ಇಲ್ಲರಿ” ಎಂದಳು.

“ಇದು ಹೊಲಸ ಅಲ್ರಿ ಬಾಯಿ,” ಅಂದರು ಮಂಗಲ ಡಾಕ್ಟರ್. “ಒಳಗ ಸಕ್ರಿ ಸಂಭಾಳಸೂ ಕೆಲಸಾ ಮೈಗಿ ಭಾರ ಆದಾಗ ಚರ್ಮ ಹಿಂಗ ಆಗತೈತಿ. ಕಲ್ಲ ಹಚ್ಚಿ ತಿಕ್ಕಿದ್ರ ಹೋಗೂದಿಲ್ಲ. ಪೋರಿ ಸ್ವಚ್ಛ ಅದಾಳ್ರಿ, ಬೆಳ್ಳಿಯಂಗ ಸ್ವಚ್ಛ ಅದಾಳ. ಇನ್ನ ಮ್ಯಾಲೆ ತಿಕ್ಕಬ್ಯಾಡ್ರಿ.”

ದೀಪಾಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಷ್ಟು ಭಾನುವಾರಗಳ ಉರಿಯನ್ನು ಆಕೆ ಆ ಕುತ್ತಿಗೆಗೆ ಕೊಟ್ಟಿದ್ದಳು! ಮಗಳ ಕುತ್ತಿಗೆಯ ಆ ಕರಿ ಪಟ್ಟೆಯ ಮೇಲೆ ಬರಿ ಅಂಗೈ ಇಟ್ಟು ಕೂತಳು. ಪ್ರಾಜಕ್ತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆ ದಿನ ಡಾಕ್ಟರು ಆಡಿದ ಮಾತುಗಳಲ್ಲಿ ಹೆಚ್ಚಿನವು ಆಕೆಯ ಕಿವಿಯ ಮೇಲೆ ಹಾದುಹೋದವು. ಒಂದು ಮಾತ್ರ ಒಳಗಿಳಿಯಿತು. ಸ್ವಚ್ಛ ಅದಾಳ. ಯಾರೋ ಬಹಳ ಕಾಲದ ಮೇಲೆ ಕಿಟಕಿಯೊಂದನ್ನು ತೆರೆದಂತಾಗಿ, ಸದ್ದಿಲ್ಲದೆ ದಿಂಬು ಒದ್ದೆಯಾಗುವಷ್ಟು ಅತ್ತಳು.

ರಕ್ತ ತಪಾಸಣೆಗೆ ಕೊಟ್ಟು, ವರದಿಗಾಗಿ ಮನೆಯವರೆಲ್ಲ ದಿನ ಎಣಿಸಿದರು. ಶಂಕರಲಿಂಗನ ತಂದೆ ಸಕ್ಕರೆ ರೋಗದಲ್ಲಿ ಕಾಲು ಕಳೆದುಕೊಂಡು ಹೋದವರು. ಆ ಮಂಚ, ಆ ವಾಸನೆ, ಆ ನರಳಿಕೆ ಅವನ ಕಣ್ಣಮುಂದೆ ಸುಳಿಯುತ್ತಿತ್ತು. ವರದಿ ಕೈಗೆ ಬಂದಾಗ ಮಂಗಲ ಡಾಕ್ಟರ್ ಸುತ್ತಿಬಳಸಿ ಮಾತಾಡಲಿಲ್ಲ. “ರೋಗ ಇನ್ನೂ ಆಗಿಲ್ಲ. ಹೊಸ್ತಲ ತನಾ ಬಂದ ನಿಂತೈತಿ, ಹಿಂದ ಕಳಸಾಕ ಬರತೈತಿ. ಉಪಾಸ ಬಿದ್ದರ ಮಾತ್ರ ಆಗೂದಿಲ್ಲ. ರೊಟ್ಟಿ, ಬ್ಯಾಳಿ, ಪಲ್ಯೆ, ಹೊಟ್ಟಿ ತುಂಬ ಉಣ್ಣು, ಮನಿಮಂದಿ ಜೋಡಿ ಕುಂತ ಉಣ್ಣು. ಬಾಟ್ಲಿ ಬಿಡು, ಪಾಕೀಟ ಬಿಡು. ದಿನಾ ಮೈ ಆಡಬೇಕು. ನಿನಗ ಯಾವ ಆಟ ಸೇರತೈತಿ?”

“ಯಾವುದೂ ಇಲ್ರಿ,” ಅಂದಳು ಪ್ರಾಜಕ್ತಾ.

“ಸೇರೂದು ಸಿಗೂತನಾ ಹುಡುಕು,” ಎಂದು ಡಾಕ್ಟರು ಮುಂದಿನ ರೋಗಿಯನ್ನು ಕರೆದರು. ಮೂವರೂ ಹೊರಗೆ ಹೋಗುವಾಗ ತಂದೆತಾಯಿಗೆ ಮಾತ್ರ ಕೇಳುವಂತೆ ಇನ್ನೊಂದು ಮಾತು ಸೇರಿಸಿದರು: ಮನೆಯಲ್ಲಿ ಯಾರೂ ಆಕೆಯ ಮೈಯ ಮಾತು ಎತ್ತಬಾರದು, ತಮಾಷೆಗೂ ಎತ್ತಬಾರದು.

ಸುದ್ದಿ ಕೇಳಿ ಹತ್ತಿರದ ಹಳ್ಳಿ ಸೋನ್ಯಾಳದಿಂದ ಶಂಕರಲಿಂಗನ ಅಕ್ಕ ವಿದ್ಯಾವತಿ ಬಂದಳು. ಆ ಮನೆತನದ ಮೈಯೇ ಅಂಥದು. ಅಗಲವಾದ ಭುಜ, ತುಂಬಿದ ತೋಳು, ಬಾಗಿಲು ತುಂಬಿ ಒಳಗೆ ಬರುವ ನಿಲುವು. ಆದರೆ ವಿದ್ಯಾವತಿ ತನ್ನ ಮೈಯನ್ನು ಎಲ್ಲಿಗೆ ಹೋದರೂ ಬೀಗತಿಯ ಹಾಗೆ ಸಂಭ್ರಮದಿಂದ ಕರೆದುಕೊಂಡು ಹೋಗುತ್ತಿದ್ದಳು. ದಾಳಿಂಬೆಯ ತೋಟದಲ್ಲಿ ದಿನವಿಡೀ ತಿರುಗುವ, ಸಿಟ್ಟು ಬಂದರೆ ಟ್ರ್ಯಾಕ್ಟರಿನವನನ್ನೂ ನಡುಗಿಸುವ ಹೆಣ್ಣುಮಗಳು. ತಮ್ಮನ ಮಾತನ್ನೂ ಅವನ ಹೆಂಡತಿಯ ಮಾತನ್ನೂ ಪೂರ್ತಿ ಕೇಳದೆ, “ಸೂಟೀ ಮುಗಿಯೂತನಾ ನನ್ನ ಕಡೆ ಇರಲಿ” ಎಂದು ಪ್ರಾಜಕ್ತಾಳ ಚೀಲ ತಾನೇ ಎತ್ತಿಕೊಂಡಳು.

ಸೋನ್ಯಾಳದಲ್ಲಿ ಮೊದಲ ದಿನಗಳು ಏನೂ ಆಗದೆ ಕಳೆದವು. ಪ್ರಾಜಕ್ತಾ ಪಡಸಾಲೆಯಲ್ಲಿ ಮೊಬೈಲು ಹಿಡಿದು ಕೂತಳು. ಊಟಕ್ಕೆ ಕರೆದರೆ “ನಂದಾಗೇತ್ರಿ” ಅಂದಳು. ಯಾರ ಮನೆಯಲ್ಲಿ ಆಯಿತೆಂದು ಅತ್ತೆ ಕೇಳಲಿಲ್ಲ. ಒಂದು ಮಧ್ಯಾಹ್ನ ಹಾಸಿಗೆ ಝಾಡಿಸಲು ಹೋದ ವಿದ್ಯಾವತಿಗೆ ದಿಂಬಿನ ಕೆಳಗೆ ಖಾರಿಯ ಪೊಟ್ಟಣ ಸಿಕ್ಕಿತು. ಬಾಗಿಲಲ್ಲಿ ನಿಂತಿದ್ದ ಪ್ರಾಜಕ್ತಾಳ ಮುಖ ಬಿಳಿಚಿತು. ಬೈಗುಳಕ್ಕೆ ತಲೆ ತಗ್ಗಿಸಿ ಸಿದ್ಧಳಾದಳು. ವಿದ್ಯಾವತಿ ಹಾಸಿಗೆಯ ಮೇಲೆ ಕೂತು, ಪೊಟ್ಟಣ ಬಿಚ್ಚಿ, ತಾನೊಂದು ಬಾಯಿಗೆ ಹಾಕಿಕೊಂಡು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು.

“ಬಾ, ಕುಂದ್ರು. ನಮ್ಮ ಶಂಕ್ರ್ಯಾನ ಖಾರಿ ಭಾಳ ದಿನಾ ಆತು ತಿಂದು. ಒಬ್ಬಾಕಿನ ಕುಂತ ತಿಂದ್ರ ಏನ ರುಚಿ? ಇಬ್ರೂ ತಿನ್ನೂಣು.”

ಇಬ್ಬರೂ ಒಂದೊಂದಾಗಿ ತಿಂದರು. ನಿಧಾನವಾಗಿ ತಿಂದರು, ಯಾಕೆಂದರೆ ವಿದ್ಯಾವತಿ ನಡುನಡುವೆ ತನ್ನ ತಮ್ಮ ಚಿಕ್ಕಂದಿನಲ್ಲಿ ಕತ್ತೆಯ ಮೇಲಿಂದ ಬಿದ್ದ ಕತೆಯನ್ನು ಹೇಳುತ್ತಿದ್ದಳು. ಪೊಟ್ಟಣದಲ್ಲಿ ಇನ್ನೂ ಉಳಿದಿರುವಾಗಲೇ ಪ್ರಾಜಕ್ತಾಳ ಕೈ ನಿಂತಿತು. ಬೇಡವೆನಿಸಿತ್ತು. ಹಾಗೆ ಬೇಡವೆನಿಸಬಹುದು ಎಂಬುದೇ ಆಕೆಗೆ ಹೊಸ ಸಂಗತಿ. ಅಂದು ಸಂಜೆ ಅತ್ತೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿಯೇ ಕೂತು, ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ ಉಂಡಳು. ಎದುರಿಗೆ ಅತ್ತೆಯ ಗಂಡ ಇದ್ದ, ಆಳಿನ ಹೆಂಗಸು ಇದ್ದಳು. ಯಾರೂ ಆಕೆಯ ತಾಟನ್ನು ನೋಡಲಿಲ್ಲ.

ದಾಳಿಂಬೆ ತೋಟದ ಬದಿಗೆ ಕಲ್ಲಿನ ಮೆಟ್ಟಿಲಿಳಿಯುವ ಹಳೆಯ ಬಾವಿ. ಹಿಂದೆ ಬೇಸಿಗೆ ಬಂತೆಂದರೆ ಅದರ ತಳದ ಬಂಡೆ ಕಾಣುತ್ತಿತ್ತು. ಕಾಲುವೆಯ ನೀರು ಮೇಲಿನ ಕೆರೆಗೆ ಬರತೊಡಗಿದ ಮೇಲೆ ಈಗ ವೈಶಾಖದಲ್ಲೂ ಅರ್ಧದ ಮೇಲೆ ನೀರು ನಿಲ್ಲುತ್ತದೆ. ದಿನವೂ ಬೆಳಗಿನ ಕೆಲಸ ಮುಗಿಸಿ ವಿದ್ಯಾವತಿ ಸೀರೆಯ ಕಚ್ಚೆ ಬಿಗಿದು, ಮೇಲಿನ ಮೆಟ್ಟಿಲಿಂದ ಒಂದೇ ಹಾರಿಗೆ ಬಾವಿಗೆ ಬೀಳುತ್ತಿದ್ದಳು. ಧಡಂ ಎಂಬ ಸದ್ದಿಗೆ ಗೋಡೆಯ ಸಂದಿಗಳಿಂದ ಪಾರಿವಾಳಗಳು ಪಟಪಟನೆ ಏಳುತ್ತಿದ್ದವು. ನೀರು ನಾಲ್ಕೂ ಕಡೆ ಏರಿ ಬಡಿದು, ಅದರ ನಡುವೆ ಅತ್ತೆಯ ತಲೆ ನಗುತ್ತ ಮೇಲೆ ಬರುತ್ತಿತ್ತು. ಮೆಟ್ಟಿಲ ನೆರಳಿನಲ್ಲಿ ಜಾಕೀಟು ತೊಟ್ಟು ಕೂತ ಪ್ರಾಜಕ್ತಾ ಇದನ್ನು ದಿನವೂ ನೋಡಿದಳು. ತನ್ನಂಥದೇ ಮೈಯೊಂದು, ತನ್ನ ಮೈಯ ಹಾಗೆಯೇ ಅಗಲವಾದ, ಭಾರವಾದ ಮೈ, ಇಷ್ಟು ದೊಡ್ಡ ಸದ್ದು ಮಾಡಿ ನಾಚದೆ ನಗಬಹುದೆಂದು ಆಕೆ ಈ ಮೊದಲು ಎಲ್ಲಿಯೂ ಕಂಡಿರಲಿಲ್ಲ.

“ಇಳಿ ಬಾ,” ಎಂದಳು ಅತ್ತೆ ಒಂದು ದಿನ.

“ನಾ ಮುಳಗತೀನಿ ಅತ್ತಿ. ನನ್ನ ವಜ್ಜಿ ಎಷ್ಟೈತಿ ಗೊತ್ತಿಲ್ಲೇನ?”

“ನಾ ಏನ ಹಗರ ಅದೀನೇನ? ನೀರಿನ ಹಂತೇಕ ತಕ್ಕಡಿ ಇರೂದಿಲ್ಲ. ಬಾ ಲಗೂನ, ಬಿಸಲ ಏರಾಕತ್ತು.”

ಬಿಸಿಲು ನಿಜಕ್ಕೂ ಏರುತ್ತಿತ್ತು. ಜಾಕೀಟಿನೊಳಗೆ ಬೆನ್ನು ತೊಯ್ದು ತಪ್ಪಡಿಯಾಗಿತ್ತು. ಸುತ್ತ ದಾಳಿಂಬೆಯ ಗಿಡಗಳಲ್ಲದೆ ನೋಡುವವರು ಇರಲಿಲ್ಲ. ಪ್ರಾಜಕ್ತಾ ಜಿಪ್ಪಿಳಿಸಿ, ಜಾಕೀಟು ತೆಗೆದು ಮೆಟ್ಟಿಲ ಮೇಲಿಟ್ಟಳು. ವಿದ್ಯಾವತಿ ಎಣ್ಣೆಯ ಖಾಲಿ ಕ್ಯಾನೊಂದನ್ನು ಹಗ್ಗದಿಂದ ಆಕೆಯ ನಡುವಿಗೆ ಬಿಗಿದು, ಕೈ ಹಿಡಿದು ಇಳಿಸಿದಳು. ತಣ್ಣಗಿನ ನೀರು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಬಂತು. ಆಮೇಲೆ ಕಾಲ ಕೆಳಗಿನ ಕಲ್ಲು ಹೋಯಿತು. ಪ್ರಾಜಕ್ತಾ ಕಿರುಚಿದಳು. ಮುಳುಗಲಿಲ್ಲ. ಅತ್ತೆಯ ಅಂಗೈ ಬೆನ್ನಿನ ಕೆಳಗೆ ಬಂದು ಆಕೆಯನ್ನು ಮುಗಿಲಿಗೆ ಮುಖ ಮಾಡಿ ಮಲಗಿಸಿತು. ಕಿವಿಗಳು ನೀರೊಳಗೆ ಹೋದವು. ಲೋಕದ ಸದ್ದೆಲ್ಲ ನಿಂತಿತು. ಇಷ್ಟು ವರ್ಷ ಎಚ್ಚರಿಕೆಯಿಂದ ಹೊತ್ತು ತಿರುಗಿದ ಆ ಮೈಯ ಭಾರ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಮೇಲೆ ಬಾವಿಯ ಬಾಯಿಯಷ್ಟು ಆಕಾಶ, ಅದರಲ್ಲಿ ಮರಳಿ ಬರುತ್ತಿದ್ದ ಪಾರಿವಾಳಗಳು. ಬೆನ್ನಿನ ಕೆಳಗೆ ಕೈ ಇಲ್ಲವೆಂದು ಗೊತ್ತಾದದ್ದು ಅತ್ತೆ ದೂರದ ಮೆಟ್ಟಿಲಿಂದ ಚಪ್ಪಾಳೆ ತಟ್ಟಿದಾಗ.

ಅಂದಿನಿಂದ ಆಕೆಯನ್ನು ಬಾವಿಯಿಂದ ಮೇಲೆ ಕರೆಯುವುದೇ ಕೆಲಸವಾಯಿತು. ಕೈಕಾಲು ಬಡಿಯಲು ಕಲಿತಳು, ಅಡ್ಡ ದಾಟಲು ಕಲಿತಳು. ಒಂದು ಬೆಳಿಗ್ಗೆ ನಡುಬಾವಿಯಲ್ಲಿದ್ದಾಗ ನಡುವಿನ ಹಗ್ಗದ ಗಂಟು ಸಡಿಲಿ ಕ್ಯಾನು ಕಳಚಿ ತೇಲಿಹೋಯಿತು. ಪ್ರಾಜಕ್ತಾ ಗಾಬರಿಯಾಗಿ ಒಮ್ಮೆಲೇ ಕೆಳಗೆ ಹೋದಳು. ಮೆಟ್ಟಿಲ ಮೇಲೆ ಕೂದಲು ಹಿಂಡುತ್ತಿದ್ದ ವಿದ್ಯಾವತಿ ಹಾರಿ ನೀರಿಗೆ ಬಿದ್ದಳು. ಆಕೆ ಅಲ್ಲಿಗೆ ತಲುಪುವ ಮೊದಲೇ ಹಸಿರು ನೀರನ್ನು ಸೀಳಿಕೊಂಡು ಪ್ರಾಜಕ್ತಾಳ ಮುಖ ಮೇಲೆ ಬಂತು, ಕೆಮ್ಮುತ್ತ, ಮೂಗಿನಿಂದ ನೀರು ಸುರಿಸುತ್ತ. ಮೈ ತಾನಾಗಿ ಮೇಲೆ ಬಂದಿತ್ತು. ಕೈಗಳು ತಾವಾಗಿ ಬಡಿಯತೊಡಗಿದ್ದವು. ಇಬ್ಬರೂ ಮೆಟ್ಟಿಲು ಹಿಡಿದು ಏದುಸಿರು ಬಿಡುತ್ತ ಒಬ್ಬರನ್ನೊಬ್ಬರು ನೋಡಿದರು. ಆಗ ಪ್ರಾಜಕ್ತಾ ಬಾವಿಯೆಲ್ಲ ಗುಂಯ್‌ಗುಡುವಂತೆ ಕಂಡಕ್ಟರ್ ಬಾಯಿಯ ದನಿ ತೆಗೆದು “ಪುಢೆ ಸರಕಾ, ಪುಢೆ ಸರಕಾ!” ಎಂದು ಕೂಗಿದಳು. ನಾಲ್ಕು ಗೋಡೆಗಳೂ ಅದನ್ನು ಮರಳಿ ಕೂಗಿದವು. ವಿದ್ಯಾವತಿ ಅಳುತ್ತಲೇ ನಗತೊಡಗಿದಳು. ಅಲ್ಲಿಂದ ಮುಂದೆ ಕ್ಯಾನು ಬೇಕಾಗಲಿಲ್ಲ.

ಮಳೆಗಾಲಕ್ಕೆ ಪ್ರಾಜಕ್ತಾ ಜತ್ತಕ್ಕೆ ಮರಳಿ ಜೂನಿಯರ್ ಕಾಲೇಜು ಸೇರಿದಳು. ಮನೆಯಲ್ಲಿ ಕೆಲವು ಸಂಗತಿಗಳು ಸದ್ದಿಲ್ಲದೆ ಬದಲಾಗಿದ್ದವು. ಮಧ್ಯಾಹ್ನ ಅಂಗಡಿಯ ಷಟರು ಅರ್ಧ ಇಳಿಸಿ ಮೂವರೂ ಕೂಡಿ ಉಣ್ಣುತ್ತಿದ್ದರು. ದೀಪಾಲಿ ಎರೆಯುವಾಗ ಕುತ್ತಿಗೆಗೆ ಬರಿ ನೀರು ಹಾಕುತ್ತಿದ್ದಳು. ನಸುಕಿನಲ್ಲಿ ಮಗಳೊಂದಿಗೆ ಕಾಲೇಜಿನ ಮೈದಾನದ ಸುತ್ತ ನಡೆಯಲು ಹೊರಟು, ತನ್ನ ಮೊಣಕಾಲಿನ ನೋವನ್ನು ದಾರಿಯುದ್ದ ವರ್ಣಿಸುತ್ತಿದ್ದಳು. ಎಲ್ಲರಿಗಿಂತ ಕಷ್ಟವಾದದ್ದು ಶಂಕರಲಿಂಗನಿಗೆ. ಅಕ್ಕರೆ ಉಕ್ಕಿದಾಗ ಟ್ರೇಯ ಕಡೆ ಹೋದ ಕೈ ಅರ್ಧದಲ್ಲಿ ನಿಂತುಬಿಡುತ್ತಿತ್ತು, ಬೇರೆ ಮಾತು ಹುಡುಕಿ ಹುಡುಕಿ, “ಇವತ್ತ... ಕಾಲೇಜಿನ್ಯಾಗ... ಏನ ಕಲಿಸಿದ್ರು?” ಎಂದು ಕೇಳುತ್ತಿದ್ದ. ಅವನ ಬಾಯಲ್ಲಿ ಆ ಪ್ರಶ್ನೆ ಪರಭಾಷೆಯ ಹಾಗೆ ಕೇಳಿಸುತ್ತಿತ್ತು. ಪ್ರಾಜಕ್ತಾ ಗಂಭೀರವಾಗಿ ಉತ್ತರ ಕೊಡುತ್ತಿದ್ದಳು. ಭಾನುವಾರ ಬಂತೆಂದರೆ ಸೋನ್ಯಾಳದ ಬಸ್ಸು, ಬಾವಿ, ಅತ್ತೆ.

ಎಲ್ಲವೂ ನೇರ ದಾರಿಯಲ್ಲಿ ಹೋಯಿತೆಂದೇನೂ ಅಲ್ಲ. ದೀಪಾವಳಿಯಲ್ಲಿ ಭಟ್ಟಿ ಹಗಲೂ ರಾತ್ರಿಯೂ ಉರಿಯುವಾಗ ಮೈದಾ ಚೀಲಗಳ ಕೋಣೆಯ ಬಾಗಿಲು ಮತ್ತೆ ಮುಚ್ಚಿಕೊಂಡಿತು. ಬಾಟಲಿಗಳು ಮತ್ತೆ ಬಂದವು. ಆಮೇಲೆ ನಾಚಿಕೆಯಾಗಿ ಒಂದು ದಿನ ಏನೂ ತಿನ್ನದೆ ಕೂತಳು. ಆ ಸಂಜೆ ಹೆದರುತ್ತ ಹೆದರುತ್ತ ತಾಯಿಯ ಹತ್ತಿರ ಹೋಗಿ, “ಮಮ್ಮೀ, ನಂದ ಊಟ ಆಗಿಲ್ಲ” ಎಂದಳು. ದೀಪಾಲಿ ಕೈಯಲ್ಲಿದ್ದ ಕೆಲಸ ಬಿಟ್ಟು ತಾಟು ಹಚ್ಚಿದಳು, ಒಂದು ಪ್ರಶ್ನೆಯನ್ನೂ ಕೇಳದೆ.

ಹಬ್ಬ ಕಳೆದು ಮತ್ತೆ ರಕ್ತ ತಪಾಸಣೆಯಾಯಿತು. ದವಾಖಾನೆಯ ಬೆಂಚಿನ ಮೇಲೆ ಮೂವರೂ ಒತ್ತಿಕೊಂಡು ಕೂತಿದ್ದರು. ದೀಪಾವಳಿಯದನ್ನೆಲ್ಲ ಈ ಕಾಗದ ಹೇಳಿಬಿಡುತ್ತದೆಂದು ಪ್ರಾಜಕ್ತಾ ಅಂಜಿದ್ದಳು. ಮಂಗಲ ಡಾಕ್ಟರ್ ವರದಿಯನ್ನು ಒಮ್ಮೆ ನೋಡಿ, ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿ, “ಹೊಸ್ತಲ ಬಿಟ್ಟ ಹೋಗೇತಿ. ಅಂಗಳಾನೂ ದಾಟೇತಿ. ಈಸೂದು ಬಿಡಬ್ಯಾಡ” ಎಂದರು. ತೂಕದ ಮುಳ್ಳು ಬಹಳವೇನೂ ಹಿಂದೆ ಸರಿದಿರಲಿಲ್ಲ. ಡಾಕ್ಟರು ಅದನ್ನು ದೊಡ್ಡದು ಮಾಡಲಿಲ್ಲ. ದೀಪಾಲಿ ಹೊರಗೆ ಬಂದವಳೇ ಕಟ್ಟೆಯ ಮೇಲೆ ಕುಸಿದು ಕೂತು, ಹೋಗುವವರು ಬರುವವರು ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಗಟ್ಟಿಯಾಗಿ ನಕ್ಕಳು. ಶಂಕರಲಿಂಗ ಮಗಳ ಮುಂದೆ ನಿಂತು “ಚಲೋ ಆತು” ಅಂದ. ಆ ಎರಡು ಮಾತಿಗೆ ಅವನ ಕಣ್ಣುಗಳು ತುಂಬಿದ್ದವು.

ಇಂಥ ಮಕ್ಕಳು ಊರೂರಲ್ಲಿದ್ದಾರೆ. ವರ್ಗದ ಕೊನೆಯ ಬೆಂಚಿನಲ್ಲಿ, ಮನೆಯ ಒಳಕೋಣೆಯಲ್ಲಿ, ನೆಂಟರಿಷ್ಟರ ತಮಾಷೆಯ ಮಾತುಗಳಲ್ಲಿ. ಅವರನ್ನು ಆಲಸಿಗಳೆಂದು ಕರೆಯುವುದು ನಮಗೆ ಬಹಳ ಸುಲಭ, ಯಾಕೆಂದರೆ ಅವರು ಆಡುವುದನ್ನು ನಾವು ಕಂಡಿಲ್ಲ. ಹತ್ತಿರದಿಂದ ಬಲ್ಲವರಿಗೆ ಮಾತ್ರ ತಿಳಿದೀತು, ಅವರಷ್ಟು ದಣಿಯುವವರು ಬೇರೆ ಯಾರೂ ಇರಲಿಕ್ಕಿಲ್ಲವೆಂದು. ಏಳುವಾಗಿನಿಂದ ಮಲಗುವತನಕ ಅವರು ಒಂದೇ ಕೆಲಸದಲ್ಲಿ ತೊಡಗಿರುತ್ತಾರೆ: ಲೋಕದ ಕಣ್ಣಿಂದ ತಮ್ಮನ್ನು ತಾವು ಬಚ್ಚಿಡುವ ಕೆಲಸ. ಅದಕ್ಕೆ ಬಿಡುವಿಲ್ಲ, ಕೂಲಿಯಿಲ್ಲ, ಜೊತೆಗಾರರಿಲ್ಲ. ಬೆಳೆಯುವ ವಯಸ್ಸಿನ ಶಕ್ತಿಯೆಲ್ಲ ಅದರಲ್ಲಿಯೇ ಸವೆದುಹೋಗುತ್ತದೆ. ಯಾರಾದರೊಬ್ಬರು ಪಕ್ಕದಲ್ಲಿ ಕೂತು, ಅಳೆಯದ ಕಣ್ಣಿನಿಂದ ನೋಡಿ, ಆ ಕೆಲಸಕ್ಕೊಂದು ರಜೆ ಕೊಟ್ಟ ದಿನ, ತಮ್ಮ ಕೈಕಾಲುಗಳಲ್ಲಿ ಇಷ್ಟೊಂದು ಬಲವಿತ್ತೇ ಎಂದು ನಮಗಿಂತ ಮೊದಲು ಅವರಿಗೇ ಆಶ್ಚರ್ಯವಾಗುತ್ತದೆ.